ಹಾಲೆಂಡಿನ ಕೆನೆಯ ಕೇಕನ್ನು ನಮ್ಮ ಮನೆಗಳಲ್ಲಿ ಮಾಡುವ ಬಗೆ

ಯಾವುದೇ ಶಾಲೆಯ ಹಳೆಯ ದಾಖಲಾತಿ ಪುಸ್ತಕದ ಹಾಳೆಗಳನ್ನು ತಿರುವಿದವರಿಗೆ ಒಂದು ಸಂಗತಿಯು ಕೂಡಲೆ ಕಣ್ಣಿಗೆ ಬೀಳುವದು. ಹುಟ್ಟಿದ ತಾರೀಖಿನ ಅಂಕಣದಲ್ಲಿ ಜೂನ್ 1 ಎಂಬ ಬರಹವು ಒಂದರ ಕೆಳಗೊಂದು ಸಾಲುಗಟ್ಟಿ ನಿಂತಿರುತ್ತದೆ. ಅಷ್ಟು ಮಂದಿ ಹುಡುಗಿಯರು ಒಂದೇ ದಿನ ಹುಟ್ಟಿದರೆಂದು ಇದರ ಅರ್ಥವಲ್ಲ. ಮಗಳ ಕೈಹಿಡಿದು ಕರೆತಂದ ತಂದೆಗೆ ಆಕೆಯು ಹುಟ್ಟಿದ್ದು ಸೀಗಿ ಹುಣ್ಣಿವೆಯ ಆಸುಪಾಸಿನಲ್ಲಿಯೋ, ಜೋಳದ ಸುಗ್ಗಿಯಲ್ಲಿಯೋ ಎಂಬುದಷ್ಟೇ ನೆನಪಿರುತ್ತಿತ್ತು. ಗುರುಗಳು ಶಾಲೆ ತೆರೆಯುವ ತಿಂಗಳಿನ ಮೊದಲನೆಯ ತಾರೀಖನ್ನು ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದರು. ಕರ್ನಾಟಕದ ಊರೂರಿನ ಶಾಲೆಗಳಲ್ಲಿ ಹೀಗೆಯೇ ನಡೆಯಿತು. ಜನನ ಮರಣಗಳ ನೋಂದಣಿಯ ಕಾಯಿದೆಯು 1969ರಲ್ಲಿ ಆದ ತರುವಾಯ ಮೆಲ್ಲಮೆಲ್ಲನೆ ಒಬ್ಬೊಬ್ಬ ಮಗುವಿಗೂ ತನ್ನದೇ ಆದ ಒಂದು ದಿನವು ದೊರೆಯಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಜೂನ್ 1ರ ಹುಡುಗಿಯರು ಅನೇಕರಿದ್ದಾರೆ. ಅವರ ಮಕ್ಕಳಾದರೋ ತಮ್ಮ ತಾರೀಖನ್ನು ಬಾಯಿಪಾಠವಾಗಿ ಬಲ್ಲರು.

ತಾರೀಖು ಬಂದ ಮೇಲೆ ಅದರ ಹಿಂದಿನಿಂದ ಕೇಕು ಬಂದಿತು. ಈಗ ಹಳ್ಳಿಹಳ್ಳಿಗೂ ಗದಗಿನಿಂದಲೋ ಮುಂಡರಗಿಯಿಂದಲೋ ಮೋಟಾರು ಸೈಕಲ್ಲಿನ ಮೇಲೆ ರಟ್ಟಿನ ಪೆಟ್ಟಿಗೆಯು ಬರುತ್ತದೆ. ಅದರಲ್ಲಿರುವ ಬಿಳಿಯ ಲೇಪವನ್ನು ಎಲ್ಲರೂ ಕೆನೆಯೆಂದೇ ಕರೆದರೂ, ಅದು ಬಹುಮಟ್ಟಿಗೆ ತಾಳೆಯ ಕಾಳಿನೆಣ್ಣೆಯಂತಹ ಸಸ್ಯದ ಕೊಬ್ಬನ್ನು ಗಟ್ಟಿಗೊಳಿಸಿ ಸಕ್ಕರೆ ಬೆರೆಸಿ ಬಡಿದದ್ದು. ಹಾಲಿಗೂ ಅದಕ್ಕೂ ಸಂಬಂಧವು ಅತ್ಯಲ್ಪ. ನಮ್ಮ ಬಿಸಿಲಿಗೆ ಅದು ಬೇಗನೆ ಕರಗುವದಿಲ್ಲವಾದ್ದರಿಂದ ವ್ಯಾಪಾರಿಗಳು ಅದನ್ನು ಬಳಸುವದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಕೈಯಲ್ಲಿ ಹಣವಿಲ್ಲದ ತಾಯಿಯು, ನೆರೆಯವರ ಮಗುವಿಗೆ ತರಿಸಿದರೆಂದು ಸಾಲ ಮಾಡಿ ಆ ಪೆಟ್ಟಿಗೆಯನ್ನು ತರಿಸುವದನ್ನೂ, ಮಗನಿಗೆ ತರಿಸಿ ಮಗಳ ದಿನವನ್ನು ಮರೆತುಬಿಡುವದನ್ನೂ ಕಂಡಾಗ ನಮಗೆ ವ್ಯಸನವಾಗುತ್ತದೆ. ತಂದ ಕೇಕಿನ ಅರ್ಧವನ್ನು ಮಗುವಿನ ಮುಖಕ್ಕೆ ಮೆತ್ತಿ ನಗುವ ಹೊಸ ವಾಡಿಕೆಯ ವಿಷಯವಾಗಿ ನಾವು ಇಲ್ಲಿ ಹೆಚ್ಚು ಬರೆಯುವದಿಲ್ಲ. ಅನ್ನದ ಬೆಲೆ ಬಲ್ಲ ನಾಡಿನಲ್ಲಿ ಅದು ಹ್ಯಾಗೆ ಬೇರೂರಿತೋ ತಿಳಿಯದು.

ಇಷ್ಟೆಲ್ಲ ಬರೆಯಲು ಕಾರಣಳು ಡೋಣಿಯ ಒಬ್ಬ ಹಳೆಯ ವಿದ್ಯಾರ್ಥಿನಿ. ಕಪ್ಪತಗುಡ್ಡದ ಸೆರಗಿನಲ್ಲಿರುವ ಆ ಊರಿನಿಂದ ಬಂದು ನಮ್ಮಲ್ಲಿ ಓದಿದ ಆಕೆಯು ಈಗ ಪತಿಯೊಡನೆ ಹಾಲೆಂಡ್ ದೇಶದ ಐಂಡ್‌ಹೋವನ್ ಪಟ್ಟಣದಲ್ಲಿದ್ದಾಳೆ. ಬೇಸಿಗೆಯ ರಜೆಯಲ್ಲಿ ತವರಿಗೆ ಬಂದಾಗ ಮಗಳ ಹುಟ್ಟುಹಬ್ಬಕ್ಕೆ ಆ ದೇಶದವರು ಮನೆಯಲ್ಲಿ ಮಾಡುವ ಕೆನೆಯ ಕೇಕನ್ನು ತಾನೇ ಮಾಡಿ, ಅದರ ವಿವರವನ್ನು ಕೇಳಿದವರಿಗೆಲ್ಲ ಹೇಳಿದಳು. ಅಂದಿನಿಂದ ನಮ್ಮನ್ನೂ ಅನೇಕ ತಾಯಂದಿರು ಅದರ ವಿಷಯವಾಗಿ ಕೇಳುತ್ತಿದ್ದಾರೆ. ಆದುದರಿಂದ ಅದನ್ನು ಮಾಡುವ ಕ್ರಮವನ್ನೂ, ಕ್ರಮಕ್ಕಿಂತ ಮುಖ್ಯವಾದ ಅದರ ಕಾರಣಗಳನ್ನೂ ಇಲ್ಲಿ ವಿವರಿಸುತ್ತೇವೆ. ಯಾಕಂದರೆ ಕಾರಣವನ್ನು ಅರಿತವಳಿಗೆ ಐಂಡ್‌ಹೋವನ್ನೂ ಒಂದೇ, ಡೋಣಿಯೂ ಒಂದೇ.

ಹಾಲೆಂಡಿನವರು ಹುಟ್ಟುಹಬ್ಬವನ್ನು ಆಚರಿಸುವ ರೀತಿಯು ನಮಗೆ ಬಹಳ ಸೊಗಸೆಂದು ತೋರುತ್ತದೆ. ಬಂದವರು ಹುಟ್ಟುಹಬ್ಬದ ಮಗುವಿಗೆ ಮಾತ್ರವಲ್ಲ, ಆಕೆಯ ತಾಯಿಗೆ, ತಂದೆಗೆ, ಅಜ್ಜಿಗೆ, ಅಣ್ಣತಮ್ಮಂದಿರಿಗೆ ಸಹ ಕೈಕೊಟ್ಟು, ನಿಮ್ಮ ಮಗಳ ಹುಟ್ಟುಹಬ್ಬಕ್ಕಾಗಿ ನಿಮಗೆ ಅಭಿನಂದನೆ ಎಂದು ಹೇಳುವರು. ಹೆತ್ತವಳನ್ನು ಆ ದಿನ ನೆನೆಯದೆ ಯಾರನ್ನು ನೆನೆಯಬೇಕು? ಬಳಿಕ ಎಲ್ಲರೂ ಕುರ್ಚಿಗಳನ್ನು ವರ್ತುಲವಾಗಿ ಹಾಕಿಕೊಂಡು ಕೂಡುವರು. ಕಾಫಿಯೊಡನೆ ತಲೆಗೊಂದು ತುಂಡು ಕೇಕು ಬರುವದು. ಎರಡನೆಯ ತುಂಡನ್ನು ತಾನಾಗಿ ಕೇಳುವ ವಾಡಿಕೆಯಿಲ್ಲವಂತೆ. ನಮ್ಮ ಬೀಗರಿಗೆ ಇದು ಜಿಪುಣತನವೆಂದು ಕಂಡೀತು. ಪರಿಚಿತರ ಹುಟ್ಟಿದ ದಿನಗಳನ್ನು ಬರೆದಿಡಲು ವಾರದ ಹೆಸರಿಲ್ಲದ, ವರುಷ ವರುಷವೂ ಬಾಳುವ ಒಂದು ಪಂಚಾಂಗವು ಮನೆಮನೆಯಲ್ಲಿ ಇರುವದು; ಅದನ್ನು ತೂಗುಹಾಕುವ ಸ್ಥಳವು ಶೌಚದ ಕೋಣೆ ಎಂಬುದನ್ನು ನಾವು ಸಂಕೋಚದಿಂದಲೇ ಬರೆಯುತ್ತೇವೆ. ಪ್ರತಿನಿತ್ಯ ಕಣ್ಣಿಗೆ ಬೀಳುವದೆಂಬುದೇ ಅದಕ್ಕೆ ಅವರು ಕೊಡುವ ಕಾರಣ. ಐವತ್ತು ತುಂಬಿದ ಗಂಡಸು ಅಬ್ರಹಾಮನನ್ನು ಕಂಡನೆಂದೂ, ಹೆಂಗಸು ಸಾರಳನ್ನು ಕಂಡಳೆಂದೂ ಆ ದೇಶದಲ್ಲಿ ಹೇಳುತ್ತಾರೆ. ಇದರ ಮೂಲವು ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿದೆ ಎಂಬುದನ್ನು ನಮ್ಮ ಸತ್ಯವೇದದ ತರಗತಿಯಲ್ಲಿ ಕೂತವರಿಗೆ ನೆನಪಿಸಬೇಕಾಗಿಲ್ಲ.

ಈ ಕೇಕಿಗೆ ಅವರ ಭಾಷೆಯಲ್ಲಿ ಸ್ಲಾಖ್‌ರೋಮ್‌ಟಾರ್ಟ್ ಎಂದು ಹೆಸರು. ಸ್ಲಾಖ್ ಎಂದರೆ ಬಡಿತ, ರೋಮ್ ಎಂದರೆ ಕೆನೆ. ಬಡಿದ ಕೆನೆಯ ಕೇಕು ಎಂದಷ್ಟೇ ಅರ್ಥ. ಹಗುರವಾದ ತತ್ತಿಯ ಕೇಕನ್ನು ಅಡ್ಡಲಾಗಿ ಎರಡು ಮೂರು ಪದರಾಗಿ ಕೊಯ್ದು, ನಡುವೆ ಹಣ್ಣಿನ ಮುರಬ್ಬವನ್ನೂ ಕೆನೆಯನ್ನೂ ತುಂಬಿ, ಹೊರಗೆಲ್ಲ ಕೆನೆ ಸವರಿ, ಸುತ್ತಲೂ ಹುರಿದ ಬಾದಾಮಿಯ ಚೂರು ಹಚ್ಚಿ, ಮೇಲೆ ಹಣ್ಣುಗಳನ್ನು ಜೋಡಿಸಿದರೆ ಅದು ಮುಗಿಯಿತು. ಆ ನಾಡು ಹಾಲಿನ ನಾಡಾದುದರಿಂದ ಇದು ಅವರಿಗೆ ಸಹಜವಾಯಿತು. ನಮ್ಮ ರೈತರ ಕೊಟ್ಟಿಗೆಗಳಲ್ಲಿ ಎಚ್.ಎಫ್. ಎಂದು ಕರೆಸಿಕೊಳ್ಳುವ ಕಪ್ಪು ಬಿಳುಪಿನ ಆಕಳಿನ ಹೆಸರಿನ ಎರಡನೆಯ ಅಕ್ಷರವು ಹಾಲೆಂಡಿನ ಫ್ರೀಸ್‌ಲ್ಯಾಂಡ್ ಎಂಬ ಪ್ರಾಂತವನ್ನು ಸೂಚಿಸುವದು. ಆ ತಳಿಯ ಮೂಲವು ಅಲ್ಲಿಯೂ ಅದಕ್ಕೆ ಹತ್ತಿದ ಜರ್ಮನಿಯ ಉತ್ತರ ಭಾಗದಲ್ಲಿಯೂ ಇರುತ್ತದೆ. ಕನ್ನಡಕ್ಕೆ 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲರು 1832ರಲ್ಲಿ ಹುಟ್ಟಿದ್ದು ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. ಆದ್ದರಿಂದ ಆ ಹಸಿರು ಸೀಮೆಯು ನಮಗೆ ತೀರ ಪರಕೀಯವಾದುದಲ್ಲ.

ಇನ್ನು ಕೆಲಸಕ್ಕೆ ಬರೋಣ. ಸುಮಾರು 22 ಸೆಂಟಿಮೀಟರ್ ಅಗಲದ ದುಂಡು ಡಬ್ಬಿಗೆ 4 ತತ್ತಿ, 120 ಗ್ರಾಂ ಸಕ್ಕರೆ, 90 ಗ್ರಾಂ ಮೈದಾ, 30 ಗ್ರಾಂ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಒಂದು ನಿಂಬೆಯ ಸಿಪ್ಪೆಯ ತುರಿ ಇಷ್ಟು ಸಾಕು. ಬೆಣ್ಣೆ ಬೇಡ, ಬೇಕಿಂಗ್ ಪೌಡರ್ ಸಹ ಬೇಡ. ಇದನ್ನು ಕೇಳಿ ಅನೇಕರು ನಂಬುವದಿಲ್ಲ. ಈ ಕೇಕನ್ನು ಉಬ್ಬಿಸುವದು ಗಾಳಿಯೊಂದೇ. ಆ ಗಾಳಿಯನ್ನು ತತ್ತಿಯೊಳಗೆ ತುಂಬುವದೇ ಮಾಡುವವಳ ಕೆಲಸ. ತತ್ತಿ ಸಕ್ಕರೆಗಳನ್ನು ಒಂದು ಬೋಗುಣಿಯಲ್ಲಿ ಹಾಕಿ, ಆ ಬೋಗುಣಿಯನ್ನು ಸಣ್ಣಗೆ ಕಾಯುವ ನೀರಿನ ಪಾತ್ರೆಯ ಮೇಲೆ, ನೀರಿಗೆ ತಾಕದಂತೆ ಇಟ್ಟು, ಬೆರಳಿಗೆ ಉಗುರು ಬೆಚ್ಚಗೆ ಹತ್ತುವ ತನಕ ಅಂದರೆ ಸುಮಾರು 40 ಡಿಗ್ರಿ ಸೆಂಟಿಗ್ರೇಡಿನ ವರೆಗೆ ಕಲಕುತ್ತಿರಬೇಕು. ಬೆಚ್ಚಗಾದ ತತ್ತಿಯು ಸಡಿಲಗೊಂಡು ಹೆಚ್ಚು ಗಾಳಿಯನ್ನು ಹಿಡಿಯುವದು. ಸಕ್ಕರೆಯೂ ಪೂರ್ಣ ಕರಗುವದು. ಬಳಿಕ ಕೆಳಗಿಳಿಸಿ ವಿದ್ಯುತ್ತಿನ ಬೀಟರಿನಿಂದಾದರೆ ಹತ್ತು ನಿಮಿಷ, ಕೈಯಿಂದಾದರೆ ಇಪ್ಪತ್ತು ನಿಮಿಷ ಬಡಿಯತಕ್ಕದ್ದು. ಮಿಶ್ರಣವು ಬೆಳ್ಳಗಾಗಿ ಮೂರು ಪಟ್ಟು ಹೆಚ್ಚಿ, ಬೀಟರನ್ನು ಎತ್ತಿದಾಗ ಕೆಳಗೆ ಬಿದ್ದ ಎಳೆಯು ಕೂಡಲೆ ಮುಳುಗದೆ ಮೇಲ್ಮೈಯ ಮೇಲೆ ಕೆಲವು ಕ್ಷಣ ರಂಗೋಲಿಯ ಗೆರೆಯಂತೆ ನಿಲ್ಲಬೇಕು. ಆ ಗೆರೆಯು ನಿಲ್ಲುವ ಮುಂಚೆ ಹಿಟ್ಟಿಗೆ ಕೈಹಾಕಬಾರದು.

ಮೈದಾ, ಕಾರ್ನ್‌ಫ್ಲೋರ್, ಉಪ್ಪುಗಳನ್ನು ಕೂಡಿಸಿ ಎರಡು ಸಲ ಜರಡಿ ಹಿಡಿದು, ನಿಂಬೆಯ ತುರಿಯೊಡನೆ ಮೂರು ಭಾಗವಾಗಿ ತತ್ತಿಯ ಮೇಲೆ ಉದುರಿಸುತ್ತ, ಅಗಲವಾದ ಚಮಚದಿಂದ ತಳದಿಂದ ಮೇಲಕ್ಕೆ ಮಗುಚಬೇಕು. ಇಲ್ಲಿ ಅವಸರವೂ ಸಲ್ಲದು, ಅತಿಯಾದ ಶ್ರದ್ಧೆಯೂ ಸಲ್ಲದು. ಹೆಚ್ಚು ತಿರುವಿದಷ್ಟು ಗಾಳಿಯು ಹೊರಬೀಳುವದು, ಮೈದಾ ಜಿಗುಟಾಗುವದು. ಕಾರ್ನ್‌ಫ್ಲೋರ್ ಸೇರಿಸುವದು ಆ ಜಿಗುಟನ್ನು ಕಡಿಮೆ ಮಾಡುವದಕ್ಕೇ. ತಳಕ್ಕೆ ಕಾಗದ ಹಾಕಿ, ಬೆಣ್ಣೆ ಸವರಿ, ಹಿಟ್ಟು ಉದುರಿಸಿಟ್ಟ ಡಬ್ಬಿಗೆ ಇದನ್ನು ಸುರಿದು, 170 ಡಿಗ್ರಿಗೆ ಮೊದಲೇ ಕಾಯ್ದ ಓವನ್ನಿನಲ್ಲಿ 30ರಿಂದ 35 ನಿಮಿಷ ಬೇಯಿಸಬೇಕು.

ಓವನ್ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ಅದಕ್ಕಾಗಿ ಕೈಚೆಲ್ಲಬೇಕಾಗಿಲ್ಲ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಬೆರಳಷ್ಟು ಮರಳನ್ನೋ ಉಪ್ಪನ್ನೋ ಹರಡಿ, ಅದರ ಮೇಲೆ ಒಂದು ಚಿಕ್ಕ ಕಟ್ಟು ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಡಬ್ಬಿಯನ್ನು ಆ ಕಟ್ಟಿನ ಮೇಲೆ ಇಟ್ಟು ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಬಹುದು. ಕುಕ್ಕರನ್ನು ಬಳಸುವವರು ರಬ್ಬರನ್ನೂ ಸೀಟಿಯನ್ನೂ ತೆಗೆದಿಡತಕ್ಕದ್ದು. ಮೊದಲಿನ 25 ನಿಮಿಷ ಮುಚ್ಚಳ ತೆಗೆದು ಇಣುಕುವ ಆಸೆಯನ್ನು ತಡೆಯಬೇಕು. ಶಾಖದಿಂದ ಹಿಗ್ಗಿದ ಗಾಳಿಯ ಗುಳ್ಳೆಗಳ ಸುತ್ತ ತತ್ತಿಯ ಸತ್ವವು ಇನ್ನೂ ಗಟ್ಟಿಯಾಗಿರುವದಿಲ್ಲ. ತಣ್ಣನೆಯ ಗಾಳಿ ಹೊಕ್ಕರೆ ಗುಳ್ಳೆಗಳು ಕುಗ್ಗಿ ಕೇಕು ನಡುವೆ ಕುಸಿಯುವದು. ಬೆರಳಿನಿಂದ ಒತ್ತಿದರೆ ಮೇಲ್ಮೈಯು ಹಿಂದಕ್ಕೆ ಪುಟಿದರೆ ಬೆಂದಿತೆಂದು ತಿಳಿಯಬೇಕು. ಆ ದಿನವೇ ಕೊಯ್ಯುವದಕ್ಕಿಂತ ಆರಿಸಿ ಮುಚ್ಚಿಟ್ಟು ಮರುದಿನ ಕೊಯ್ಯುವದು ಉತ್ತಮ, ಪುಡಿಪುಡಿಯಾಗದು. ಉದ್ದನೆಯ ಚಾಕು ಇಲ್ಲದಿದ್ದರೆ ಗಟ್ಟಿ ಹೊಲಿಗೆಯ ದಾರವನ್ನು ಕೇಕಿನ ಸುತ್ತ ಸುತ್ತಿ, ಎರಡು ತುದಿಗಳನ್ನು ಅಡ್ಡ ಹಾಯಿಸಿ ಎಳೆದರೆ ಪದರು ನೆಟ್ಟಗೆ ಬೇರೆಯಾಗುವದು. ನಮ್ಮ ಹೊಲಿಗೆಯ ತರಗತಿಯು ಅಡಿಗೆಗೂ ಒದಗುವದೆಂದು ಹುಡುಗಿಯರಿಗೆ ನಾವು ಹೇಳುವದುಂಟು.

ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗವು ಕೆನೆ. ಇದರ ಮರ್ಮವನ್ನು ಮಜ್ಜಿಗೆ ಕಡೆದು ಬಲ್ಲ ಹೆಣ್ಣುಮಗಳಿಗೆ ಹೇಳಿಕೊಡುವದು ಸುಲಭ, ಯಾಕಂದರೆ ಬಡಿದ ಕೆನೆಯೆಂದರೆ ಬೆಣ್ಣೆಯಾಗುವ ದಾರಿಯಲ್ಲಿ ನಡುವೆ ನಿಲ್ಲಿಸಿದ ಕೆನೆ. ಹಾಲಿನ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗುಂಡುಗಳಾಗಿ, ಒಂದೊಂದೂ ತೆಳುವಾದ ಪೊರೆಯನ್ನು ಹೊದ್ದುಕೊಂಡು ನೀರಿನಲ್ಲಿ ತೇಲುತ್ತಿರುತ್ತದೆ. ಬಡಿದಾಗ ಗಾಳಿಯು ಗುಳ್ಳೆಗಳಾಗಿ ಒಳಹೊಕ್ಕು, ಕೊಬ್ಬಿನ ಗುಂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಪೊರೆಯು ಅಲ್ಲಲ್ಲಿ ಹರಿದು, ಗುಂಡುಗಳು ಅರೆಬರೆಯಾಗಿ ಅಂಟಿಕೊಂಡು ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಆಗ ಕೆನೆಯು ಎರಡು ಪಟ್ಟಾಗಿ ಉಬ್ಬಿ ನಿಲ್ಲುವದು. ಅಲ್ಲಿಯೂ ನಿಲ್ಲಿಸದೆ ಬಡಿದರೆ ಗೋಡೆಗಳೆಲ್ಲ ಮುದ್ದೆಗಟ್ಟಿ ನೀರು ಬೇರೆಯಾಗಿ, ಬೆಣ್ಣೆಯೂ ಮಜ್ಜಿಗೆಯೂ ಆಗುವದು. ಗೋಡೆ ಕಟ್ಟಬೇಕಾದರೆ ಎರಡು ಸಂಗತಿಗಳು ಬೇಕು. ಮೊದಲನೆಯದು ಸಾಕಷ್ಟು ಕೊಬ್ಬು: ನೂರಕ್ಕೆ 30ಕ್ಕಿಂತ ಕಡಿಮೆಯಿದ್ದರೆ ಕೆನೆಯು ಸರಿಯಾಗಿ ನಿಲ್ಲದು, ಹಾಲೆಂಡಿನ ಕೆನೆಯಲ್ಲಿ ಸುಮಾರು 35 ಇರುತ್ತದೆ. ಎರಡನೆಯದು ತಂಪು: ಕೊಬ್ಬು ಗಟ್ಟಿಯಾಗಿದ್ದರೆ ಮಾತ್ರ ಗೋಡೆಯಾಗುವದು. ಹಾಲಿನ ಕೊಬ್ಬು ನಮ್ಮ ಮೈಯ ಶಾಖದ ಹತ್ತಿರ ಪೂರ್ಣವಾಗಿ ಕರಗಿ ಎಣ್ಣೆಯಾಗುತ್ತದೆ. ಅದಕ್ಕೆ ಬಹಳ ಮುಂಚೆಯೇ ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ಬೆಣ್ಣೆಯು ಉಂಡೆಗಟ್ಟದೆ ಕೈಗೆ ಮೆತ್ತಿಕೊಳ್ಳುವದನ್ನೂ, ಆಗ ಅಜ್ಜಿಯು ತಣ್ಣೀರು ಸುರಿದು ಅದನ್ನು ಸರಿಪಡಿಸುವದನ್ನೂ ನೋಡಿದವರಿಗೆ ಇದು ಹೊಸದಲ್ಲ.

ಕೆನೆಯನ್ನು ಎಲ್ಲಿಂದ ತರಬೇಕು? ನಮ್ಮ ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಸುಮಾರು 7ರಷ್ಟು ಕೊಬ್ಬಿದ್ದು, ಎಚ್.ಎಫ್. ಆಕಳಿನ ಹಾಲಿನಲ್ಲಿರುವದಕ್ಕಿಂತ ಅದು ಹೆಚ್ಚುಕಡಿಮೆ ಇಮ್ಮಡಿ. ಆದರೂ ಕಾಯಿಸಿದ ಹಾಲಿನ ಮೇಲೆ ಕಟ್ಟುವ ಕೆನೆಯು ಈ ಕೆಲಸಕ್ಕೆ ಅಷ್ಟು ಒಪ್ಪುವದಿಲ್ಲ. ಅದರಲ್ಲಿ ಕೊಬ್ಬು ಆಗಲೇ ಹೆಪ್ಪುಗಟ್ಟಿರುವದರಿಂದ ನಯವಾಗಿ ಉಬ್ಬದೆ ಬೇಗನೆ ಬೆಣ್ಣೆಯಾಗುವದು. ಹಾಗೆಂದು ಕಾಯಿಸದ ಹಸಿ ಹಾಲಿನ ಕೆನೆಯನ್ನು ಮಕ್ಕಳಿಗೆ ಉಣಿಸುವದಕ್ಕೆ ನಾವು ಎಂದೂ ಒಪ್ಪೆವು. ಹಸಿ ಹಾಲಿನಿಂದ ಕ್ಷಯವೂ ಬೇರೆ ಜ್ವರಗಳೂ ಬರಬಹುದು. ಶಹರದ ದೊಡ್ಡ ಅಂಗಡಿಗಳಲ್ಲಿ ಶುದ್ಧೀಕರಿಸಿದ ಕೆನೆಯ ಪೊಟ್ಟಣಗಳು ದೊರೆಯುತ್ತವೆ. ಪೊಟ್ಟಣದ ಬೆನ್ನನ್ನು ಓದಿ ಕೊಳ್ಳಬೇಕು. ನೂರಕ್ಕೆ 25ರಷ್ಟೇ ಕೊಬ್ಬಿರುವ ಕೆನೆಯು ಪಲ್ಯ ಸಾರುಗಳಿಗೆ ಸರಿ, ಬಡಿಯಲು ಬಾರದು. ವಿಪ್ಪಿಂಗ್ ಕ್ರೀಮ್ ಎಂದು ಬರೆದಿದ್ದರೂ ಒಳಗೆ ಸಸ್ಯದ ಕೊಬ್ಬು ಎಂದಿದ್ದರೆ ಅದು ಪೇಟೆಯ ಕೇಕಿನದೇ. ಹಾಲಿನ ಕೊಬ್ಬು 30ಕ್ಕೆ ಮೇಲೆ ಎಂದಿರಬೇಕು. ಓದು ಬಲ್ಲ ಹೆಣ್ಣುಮಗಳಿಗೂ ಓದು ಬಾರದವಳಿಗೂ ಅಂಗಡಿಯ ಕಟ್ಟೆಯ ಮುಂದೆ ಇರುವ ಅಂತರವು ಇದೇ.

ಅರ್ಧ ಲೀಟರು ಕೆನೆಯನ್ನೂ, ಬೋಗುಣಿಯನ್ನೂ, ಬೀಟರಿನ ತಂತಿಗಳನ್ನೂ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಇಡಬೇಕು. ಬೆಳಗಿನ ತಂಪಿನಲ್ಲಿ ಕೆಲಸಕ್ಕೆ ಕೂಡಬೇಕು. ಬೋಗುಣಿಯನ್ನು ಬರ್ಫು ಹಾಕಿದ ಪರಾತದಲ್ಲಿಟ್ಟು, ಕೆನೆಗೆ 50 ಗ್ರಾಂ ಪುಡಿಸಕ್ಕರೆ ಸೇರಿಸಿ ಮೊದಲು ಮೆಲ್ಲಗೆ, ಆಮೇಲೆ ತುಸು ಜೋರಾಗಿ ಬಡಿಯತಕ್ಕದ್ದು. ಪೇಟೆಯ ಬರ್ಫು ಎಂಥ ನೀರಿನದೋ ಬಲ್ಲವರಿಲ್ಲ. ಅದು ಕೆನೆಯೊಳಗೆ ಬೀಳಕೂಡದು. ತಂತಿಯ ಗುರುತುಗಳು ಅಳಿಯದೆ ಉಳಿಯತೊಡಗಿದಾಗ ಕಣ್ಣು ತೆಗೆಯದೆ ನೋಡಬೇಕು. ಎತ್ತಿದ ತುದಿಯು ಕೊಕ್ಕಿನಂತೆ ತುಸು ಬಾಗಿ ನಿಂತರೆ ಅಲ್ಲಿಯೇ ನಿಲ್ಲಿಸಬೇಕು.

ಇದು ಮಾರ್ಗಶಿರ ಪುಷ್ಯ ಮಾಸಗಳ ಮಾತಾಯಿತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಡೋಣಿಯಂತಹ ಊರಿನಲ್ಲಿ, ವಿದ್ಯುತ್ತು ಬಂದಾಗ ಬಂತು, ಹೋದಾಗ ಹೋಯಿತು ಎನ್ನುವಾಗ, ಕೆನೆಯೊಂದನ್ನೇ ನಂಬಿದರೆ ಕೇಕು ಅತಿಥಿಗಳ ಮುಂದೆಯೇ ಜಾರುವದು. ಕೆಲವರು ಜೆಲಟಿನ್ ಸೇರಿಸುತ್ತಾರೆ. ಅದು ಪ್ರಾಣಿಗಳ ಚರ್ಮ ಎಲುಬುಗಳಿಂದ ಮಾಡಿದ್ದೆಂಬುದನ್ನು ಎಲ್ಲರೂ ಅರಿಯರು. ನಮಗೆ ಅದಕ್ಕಿಂತ ಒಳ್ಳೆಯ ಉಪಾಯವು ಮನೆಯಲ್ಲಿಯೇ ಇದೆ. ಶ್ರೀಖಂಡಕ್ಕೆಂದು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಮಾಡುವ ಚಕ್ಕಾ ಆ ಉಪಾಯ. 250 ಗ್ರಾಂ ಗಟ್ಟಿ ಚಕ್ಕಾವನ್ನು ಜರಡಿಯಲ್ಲಿ ತಿಕ್ಕಿ ನಯ ಮಾಡಿ, ಸಕ್ಕರೆ ಕೂಡಿಸಿ, ಬಡಿದ 300 ಮಿಲಿಲೀಟರು ಕೆನೆಯೊಡನೆ ಮಗುಚಿದರೆ ಅದು ಬರಿಯ ಕೆನೆಗಿಂತ ಬಹಳ ಹೊತ್ತು ನಿಲ್ಲುವದು. ತುಸು ಹುಳಿ ಬೆರೆತ ರುಚಿಯು ಸಕ್ಕರೆಯ ಮೊದ್ದುತನವನ್ನೂ ಕಳೆಯುವದು. ಹಾಲೆಂಡಿನಲ್ಲಿಯೂ ಕ್ವಾರ್ಕ್ ಎಂಬ ಇಂಥದೇ ಮೊಸರಿನ ಗಟ್ಟಿಯಿಂದ ಕೇಕು ಮಾಡುವ ಪದ್ಧತಿಯು ಇರುವದರಿಂದ, ಆ ದೇಶದವರಿಗೂ ಇದು ವಿಚಿತ್ರವೆನಿಸದು. ನಮ್ಮ ವಿದ್ಯಾರ್ಥಿನಿಯು ತವರಿನಲ್ಲಿ ಮೇ ತಿಂಗಳಲ್ಲಿ ಮಾಡಿದ್ದು ಈ ಬಗೆಯದೇ.

ಕಟ್ಟುವ ಕೆಲಸವು ಬೇಗನೆ ಮುಗಿಯುವಂಥದು. ಕೆಳಪದರಿಗೆ ಅಲ್ಲಿಯವರು ಜರದಾಳುವಿನ ಮುರಬ್ಬ ಹಚ್ಚುತ್ತಾರೆ. ನಮಗೆ ಪೇರಲದ ಜೆಲ್ಲಿಯೋ ಮಾವಿನ ಗಟ್ಟಿ ರಸವೋ ಆದೀತು. ಅದರ ಮೇಲೆ ಕೆನೆ, ಮತ್ತೆ ಪದರು. ಹೊರಗೆ ಮೊದಲು ತೆಳುವಾಗಿ ಕೆನೆ ಸವರಿ ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟರೆ ಉದುರಿದ ಪುಡಿಯೆಲ್ಲ ಅಂಟಿಕೊಳ್ಳುವದು. ಬಳಿಕ ದಪ್ಪಗೆ ಹಚ್ಚಬೇಕು. ಸುತ್ತಲೂ ಬಾದಾಮಿಗೆ ಬದಲಾಗಿ ನಮ್ಮ ಸೀಮೆಯ ಶೇಂಗಾವನ್ನು ಹುರಿದು, ಸಿಪ್ಪೆ ಹಾರಿಸಿ, ತರಿತರಿಯಾಗಿ ಕುಟ್ಟಿ ಹಚ್ಚಿದರೆ ರುಚಿಯಲ್ಲಿ ಕೊರತೆಯೇನೂ ಆಗದೆಂದು ನಮ್ಮ ಅಭಿಪ್ರಾಯ. ಮೇಲೆ ಕಿತ್ತಳೆಯ ತೊಳೆ, ದ್ರಾಕ್ಷಿ, ದಾಳಿಂಬೆ, ಮಾವು ಯಾವುದಾದರೂ ಸರಿ, ಒರೆಸಿ ಒಣಗಿಸಿ ಇಡಬೇಕು. ಹಸಿ ಅನಾನಸ್ ಮಾತ್ರ ಬೇಡ. ಅದರ ರಸದಲ್ಲಿರುವ ಒಂದು ದ್ರವ್ಯವು ಹಾಲಿನ ಸತ್ವವನ್ನು ಕಡಿದು ಕಹಿ ಮಾಡುವದು. ಸಕ್ಕರೆಯ ಪಾಕದಲ್ಲಿ ಕುದಿಸಿದರೆ ಆ ದೋಷವು ಹೋಗುವದು.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಕೇಕು ತತ್ತಿಯಿಲ್ಲದೆ ಆಗುವದಿಲ್ಲ. ನಮ್ಮ ಸೀಮೆಯಲ್ಲಿ ತತ್ತಿ ಮುಟ್ಟದ ಮನೆತನಗಳು ಬಹಳ. ನಮ್ಮ ವಿದ್ಯಾರ್ಥಿನಿಯರಲ್ಲಿಯೂ ಅಂಥವರು ಅನೇಕರು. ಹುಟ್ಟುಹಬ್ಬಕ್ಕೆ ನೆರೆಯ ಮಕ್ಕಳನ್ನು ಕರೆದಾಗ ಇದರಲ್ಲಿ ತತ್ತಿಯಿದೆಯೆಂದು ಮೊದಲೇ ಹೇಳದೆ ತಟ್ಟೆಯಲ್ಲಿಡುವದು ಮೋಸ. ಮಗು ತಿಂದ ಮೇಲೆ ಹೇಳುವದು ಇನ್ನೂ ದೊಡ್ಡ ಮೋಸ. ಸರಕಾರದ ಶಾಲೆಗಳಲ್ಲಿ ತತ್ತಿ ಕೊಡುವಾಗ ಬೇಡವೆಂದವರಿಗೆ ಬಾಳೆಹಣ್ಣನ್ನು ಕೊಡುವ ಕ್ರಮವಿದೆ. ಹಾಗೆಯೇ ಅದೇ ಕೆನೆ, ಅದೇ ಚಕ್ಕಾ, ಅದೇ ಹಣ್ಣುಗಳನ್ನು ಚಿಕ್ಕ ಬಟ್ಟಲುಗಳಲ್ಲಿ ತುಂಬಿ ಬೇರೆಯಾಗಿ ಇಟ್ಟರೆ, ಆ ಮಕ್ಕಳೂ ಇತರರೊಡನೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವರು. ಬಟ್ಟಲಿನ ಹುಡುಗಿಗೆ ತಾನು ಹೊರಗಿನವಳೆಂದು ತೋರದ ಹಾಗೆ ಮೊದಲು ಅವಳಿಗೆ ಕೊಟ್ಟು ಆಮೇಲೆ ಕೇಕು ಹಂಚುವದು ಒಳ್ಳೆಯದು.

ಸಿದ್ಧವಾದ ಕೇಕನ್ನು ಅತಿಥಿಗಳು ಕೂತ ಮೇಲೆಯೇ ಹೊರಗೆ ತರಬೇಕು. ಬೇಸಿಗೆಯಲ್ಲಿ ಒಂದು ತಾಸಿಗಿಂತ, ಚಳಿಗಾಲದಲ್ಲಿ ಎರಡು ತಾಸಿಗಿಂತ ಹೆಚ್ಚು ಹೊತ್ತು ಅದು ಹೊರಗೆ ಇರಬಾರದು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನವೇ ತೀರಿಸಬೇಕು. 22 ಸೆಂಟಿಮೀಟರಿನ ಕೇಕು 12 ತುಂಡುಗಳಿಗೆ ಸರಿಯಾಗಿ ಬರುತ್ತದೆ, ಕೈ ಬಿಗಿಹಿಡಿದರೆ 16ಕ್ಕೆ. ಕರೆಯುವ ಮೊದಲೇ ತಲೆಗಳನ್ನು ಎಣಿಸಿ, ಎಣಿಕೆಯಲ್ಲಿ ಹೆತ್ತ ತಾಯಿಯನ್ನೂ, ಅಜ್ಜಿಯನ್ನೂ, ಪಾತ್ರೆ ತೊಳೆಯಲು ಬರುವವಳನ್ನೂ ಸೇರಿಸಿಕೊಂಡು, ಪ್ರತಿ ಸಲವೂ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಕೊಯ್ದರೆ ಕೆನೆಯು ಅಂಟದೆ ತುಂಡು ನೆಟ್ಟಗೆ ನಿಲ್ಲುವದು.